ಆರಂಭದ ಶಿಲ್ಕು

— ಮೂರು ವರ್ಷ, ಮೂರು ಕಪ್. ಅದರ ಮ್ಯಾಲ ಹೆಸರು ಹೇಳುವಂಥಾ ಕಪ್ ಒಂದೂ ಇಲ್ಲ. ನೀ ಇಷ್ಟು ಹೊಗಳೋ ನಿಮ್ಮ ಬೆಂಗಳೂರು ಎಫ್‌ಸಿ ಫುಟ್ಬಾಲ್ ತಂಡದ ಮೊದಲ ಕೋಚ್ ಆಶ್ಲಿ ವೆಸ್ಟ್‌ವುಡ್‌ನ ಖಾತೆ ಇಷ್ಟೇ ಅಲ್ಲೇನ? ವಿಜಯಪುರದಿಂದ ಈ ಸಟಾಣಾಕ್ಕ ಬಂದು, ಜೀವಮಾನ ಎಲ್ಲಾ ಅಡತಿ ಅಂಗಡ್ಯಾಗ ಉಳ್ಳಾಗಡ್ಡಿ, ದಾಳಿಂಬಿ ಲೆಕ್ಕಾ ಬರದಾಂವ ನಾನು. ಜಮಾ ಎಷ್ಟು, ಖರ್ಚು ಎಷ್ಟು ಅಂತ ನೋಡಿದ್ರ ಸಾಕು, ವ್ಯಾಪಾರಿ ಎಂಥಾಂವ ಅಂತ ತಿಳೀತದ. ಕೋಚ್‌ಗೆ ಬ್ಯಾರೆ ಲೆಕ್ಕ ಯಾಕ ಬೇಕು?

— ಬೇರೆ ಲೆಕ್ಕ ಬೇಡ ಮಾಮಾ, ನಿಮ್ಮ ಲೆಕ್ಕವೇ ಇರಲಿ. ಆದರೆ ಆರಂಭದ ಶಿಲ್ಕು ಬರೆಯದೆ ನೀವು ಯಾವತ್ತಾದರೂ ಒಂದು ಖಾತೆ ತೆರೆದಿದ್ದೀರಾ? ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರ ಜುಲೈನಲ್ಲಿ. ಅದಕ್ಕೆ ಚರಿತ್ರೆ ಇಲ್ಲ, ಸ್ವಂತ ಮೈದಾನ ಇಲ್ಲ, ಅಭಿಮಾನಿಗಳೂ ಇಲ್ಲ. ಸುನಿಲ್ ಛೆಟ್ರಿ, ರಾಬಿನ್ ಸಿಂಗ್ ಥರದ ಕೆಲವರನ್ನು ಬಿಟ್ಟರೆ ಜನಕ್ಕೆ ಗೊತ್ತಿದ್ದ ಮುಖಗಳು ಕಡಿಮೆ. ಆ ತಂಡ ಅಶೋಕನಗರದ ಹಳೆಯ ಫುಟ್ಬಾಲ್ ಸ್ಟೇಡಿಯಂನಲ್ಲಿ ಆಡಿ, ಮುಂದಿನ ಏಪ್ರಿಲ್ 21ಕ್ಕೆ ಗೋವಾದಲ್ಲಿ ಡೆಂಪೊವನ್ನು 4-2ರಿಂದ ಸೋಲಿಸಿ ಐ-ಲೀಗ್ ಚಾಂಪಿಯನ್ ಆಯಿತು. ಅದು ಅವರ ಮೊದಲ ಋತು.

— ಶಿಲ್ಕು ಸೊನ್ನೆ ಅಂತ ಹೆಂಗ ಅಂತಿ? ಮಾಲಕ ಜಿಂದಾಲ್‌ರ ರೊಕ್ಕ ಇತ್ತಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನಿ ಬೆನ್ನಿಗಿದ್ದ ತಂಡ ಸೊನ್ನೆಯಿಂದ ಸುರು ಮಾಡಿತ್ತು ಅಂದ್ರ ನಾ ಒಪ್ಪಂಗಿಲ್ಲ.

— ಒಪ್ಪಬೇಡಿ. ರೊಕ್ಕವನ್ನೂ ಶಿಲ್ಕಿಗೇ ಸೇರಿಸಿ, ನ್ಯಾಯ ಅದು. ಆದರೆ ಹಣ ಕೋಲ್ಕತ್ತಾದ ದೊಡ್ಡ ಕ್ಲಬ್‌ಗಳಲ್ಲೂ ಇತ್ತು. ವೆಸ್ಟ್‌ವುಡ್ ಆ ಹಣವನ್ನು ಎಲ್ಲಿಗೆ ಹಾಕಿಸಿದರು ಅನ್ನೋದು ನೋಡಿ. ಆಟಗಾರ ಏನು ತಿನ್ನುತ್ತಾನೆ, ಎಷ್ಟು ಹೊತ್ತು ಮಲಗುತ್ತಾನೆ, ಪಂದ್ಯದ ಮರುದಿನ ದಣಿದ ಕಾಲಿಗೆ ಏನು ಮಾಡುತ್ತಾನೆ, ಅಭ್ಯಾಸಕ್ಕೆ ಐದು ನಿಮಿಷ ತಡವಾಗಿ ಬಂದರೆ ಏನಾಗುತ್ತದೆ, ಎಲ್ಲಾ ಕಡೆ. ಅವರು ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದ ಡಿಫೆಂಡರ್. ಆಮೇಲೆ ಬ್ಲ್ಯಾಕ್‌ಬರ್ನ್‌ನಂಥ ಕ್ಲಬ್‌ನಲ್ಲಿ ಸಹಾಯಕ ಕೋಚ್ ಆಗಿದ್ದವರು. ದೊಡ್ಡ ಆಟಗಾರ ಅಂತ ಹೆಸರು ಮಾಡಿದವರಲ್ಲ. ಕೆಲಸದ ಶಿಸ್ತನ್ನು ಹೊತ್ತು ತಂದವರು. ಛೆಟ್ರಿ ನಲವತ್ತು ದಾಟಿದ ಮೇಲೂ ಓಡುತ್ತಿದ್ದರಲ್ಲ, ಆ ಮೈಕಟ್ಟಿನ ಹಿಂದೆ ಛೆಟ್ರಿಯದೇ ಹಟ ಇದೆ, ನಿಜ. ಆ ಹಟಕ್ಕೆ ಒಂದು ದಿನಚರಿ ಸಿಕ್ಕಿದ್ದು ಈ ಕ್ಲಬ್‌ನಲ್ಲಿ, ಆ ವರ್ಷಗಳಲ್ಲಿ.

— ಹಂಗಾರ 2015ರಾಗ ಯಾಕ ಸೋತ್ರು? ಕಂಠೀರವದಾಗ ಕೊನೇ ಪಂದ್ಯ. ಗೆದ್ದಿದ್ರ ಕಪ್ ನಿಮ್ದು. ಬಾಗಾನ್‌ಗೆ ಡ್ರಾ ಸಾಕಿತ್ತು.

— ಮೇ 31. ಮಳೆ, ನೆನೆದ ಹುಲ್ಲು, ತುಂಬಿದ ಸ್ಟೇಡಿಯಂ. ಜಾನ್ ಜಾನ್ಸನ್ ಗೋಲು ಹಾಕಿ ನಾವು 1-0 ಮುಂದಿದ್ದೆವು. 87ನೇ ನಿಮಿಷಕ್ಕೆ ಬೆಲ್ಲೊ ರಜಾಕ್ ಹೆಡರ್, 1-1. ಮೋಹನ್ ಬಾಗಾನ್ ಚಾಂಪಿಯನ್. ಈಗ ನೀವೇ ಹೇಳಿ: ಆ ಒಂದು ಹೆಡರ್ ಕಂಬದ ಹೊರಗೆ ಹೋಗಿದ್ದರೆ ಮೂರು ವರ್ಷದಲ್ಲಿ ಮೂರು ಲೀಗ್ ಗೆದ್ದ ಕೋಚ್ ಅಂತ ಅವರ ಹೆಸರು ದೇಶದ ಚರಿತ್ರೆಯಲ್ಲಿ ಬೇರೆಯದೇ ಸಾಲಿನಲ್ಲಿ ಇರುತ್ತಿತ್ತು. ಕೋಚ್ ಅದೇ ಮನುಷ್ಯ, ಕೆಲಸ ಅದೇ ಕೆಲಸ. ಬರೀ ಕಪ್ ಎಣಿಸುವ ಲೆಕ್ಕದಲ್ಲಿ ಆ ಎರಡು ಅಂಗುಲಕ್ಕೆ ಇಡೀ ಜೀವನದ ತೂಕ ಬಂದುಬಿಡುತ್ತದೆ. ಅದಕ್ಕೇ ನನಗೆ ಆ ಲೆಕ್ಕ ಸಾಲದು.

— ಸೋಲಿಗೆ ನೆಪಾ ಹುಡುಕಾಕ ಹತ್ತೀದಿ.

— ಸೋಲನ್ನು ಸೋಲು ಅಂತಲೇ ಬರೆಯಿರಿ. ಆದರೆ ಅದರ ಪಕ್ಕದಲ್ಲೇ ಕೊನೆಯ ದಿನದ ಕೊನೆಯ ಮೂರು ನಿಮಿಷದವರೆಗೂ ಸ್ಪರ್ಧೆಯಲ್ಲಿದ್ದ ತಂಡ ಅಂತಲೂ ಬರೆಯಿರಿ. ಅದೇ ಋತುವಿನ ಜನವರಿಯಲ್ಲಿ ಫೆಡರೇಷನ್ ಕಪ್ ಗೆದ್ದಿದ್ದರು. ಮರುವರ್ಷ ಲೀಗ್ ಮತ್ತೆ ಗೆದ್ದರು. ಹೊಸ ತಂಡ ಒಂದು ವರ್ಷ ಗೆದ್ದು ಮರುವರ್ಷ ಕುಸಿಯೋದನ್ನು ಎಷ್ಟು ಸಲ ನೋಡಿಲ್ಲ? ಇದು ಕುಸಿಯಲಿಲ್ಲ. ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಇದಕ್ಕೆ ನಿಮ್ಮ ಕೀರ್ದಿಯಲ್ಲಿ ಜಾಗ ಎಲ್ಲಿ ಅಂತ ಹೇಳಬೇಕು.

— ಕೇಳು.

— 2016ರ ಎಎಫ್‌ಸಿ ಕಪ್. ಗುಂಪಿನ ಪಂದ್ಯಗಳು ವೆಸ್ಟ್‌ವುಡ್ ಕಾಲದಲ್ಲಿ ಆಗಿದ್ದು. ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ಗೆ ಹೋಗಿ ಕಿಚಿ ತಂಡವನ್ನು ಅದರ ನೆಲದಲ್ಲೇ 3-2ರಿಂದ ಸೋಲಿಸಿ ಕ್ವಾರ್ಟರ್‌ಫೈನಲ್ ಸೇರಿದ್ದು ಅವರ ಕಾಲದಲ್ಲೇ. ಅದಾದ ಕೆಲವೇ ದಿನಕ್ಕೆ ಅವರು ಕ್ಲಬ್ ಬಿಟ್ಟರು. ಜುಲೈನಲ್ಲಿ ಸ್ಪೇನ್‌ನ ಆಲ್ಬರ್ಟ್ ರೋಕಾ ಬಂದರು. ಸಿಂಗಪುರದ ಟ್ಯಾಂಪಿನೆಸ್ ತಂಡವನ್ನು ದಾಟಿದರು. ಆಮೇಲೆ ಸೆಮಿಫೈನಲ್. ಎದುರಾಳಿ ಮಲೇಷ್ಯಾದ ಜೊಹೋರ್, ಹಿಂದಿನ ವರ್ಷದ ಚಾಂಪಿಯನ್. ಅಲ್ಲಿ 1-1, ಇಲ್ಲಿ ಕಂಠೀರವದಲ್ಲಿ ಮೊದಲು ಗೋಲು ಬಿಟ್ಟುಕೊಟ್ಟು, ಆಮೇಲೆ 3-1. ಭಾರತದ ಕ್ಲಬ್ ಒಂದು ಎಎಫ್‌ಸಿ ಕಪ್ ಫೈನಲ್ ಸೇರಿದ್ದು ಅದೇ ಮೊದಲು. ನವೆಂಬರ್ 5ರಂದು ದೋಹಾದಲ್ಲಿ ಇರಾಕ್‌ನ ಏರ್‌ಫೋರ್ಸ್ ಕ್ಲಬ್ ವಿರುದ್ಧ 0-1ರಿಂದ ಸೋತೆವು. ಮಾಮಾ, ಈ ಫೈನಲ್ ಯಾರ ಖಾತೆಗೆ ಜಮಾ?

— ಹೆಚ್ಚಿನ ಪಾಲು ರೋಕಾಗ. ಕಟ್ಟಿಗಿ ತಂದು ಒಲಿ ಹಚ್ಚಿದಾಂವ ಒಬ್ಬ, ರೊಟ್ಟಿ ಬಡದಾಂವ ಇನ್ನೊಬ್ಬ ಅಂತ ಅಂದ್ರೂ, ಜೊಹೋರ್‌ನ ಸೋಲಿಸಿದ ದಿನ ಬೆಂಚಿನ ಮ್ಯಾಲ ಯಾರು ಕೂತಿದ್ರು ಅನ್ನೂದು ಮುಖ್ಯ.

— ಆ ದಿನದ ಮಟ್ಟಿಗೆ ಒಪ್ಪಿದೆ. ರೋಕಾ ಆಟದ ರೀತಿಯನ್ನೇ ಬದಲಿಸಿದರು, ಚೆಂಡನ್ನು ನೆಲದಲ್ಲಿ ಇಟ್ಟು ಆಡಿಸಿದರು. ಆದರೆ ಅವರು ಬಂದಾಗ ಸಿಕ್ಕ ತಂಡಕ್ಕೆ ತೊಂಬತ್ತು ನಿಮಿಷ ಓಡುವ ಕಾಲಿತ್ತು, ಗೆದ್ದ ಅಭ್ಯಾಸವಿತ್ತು. ಇದೇ ಸರಪಳಿ ಮುಂದಕ್ಕೂ ಹೋಗುತ್ತದೆ ನೋಡಿ. 2017-18ರ ಐಎಸ್‌ಎಲ್‌ನಲ್ಲಿ ರೋಕಾ ತಂಡ 40 ಅಂಕ ಗಳಿಸಿ ಪಟ್ಟಿಯ ತುದಿಯಲ್ಲಿತ್ತು. 2018ರ ಮಾರ್ಚ್ 17ರ ಫೈನಲ್‌ನಲ್ಲಿ ನಮ್ಮದೇ ಕಂಠೀರವದಲ್ಲಿ ಚೆನ್ನೈಯಿನ್‌ಗೆ 2-3ರಿಂದ ಸೋತಿತು. ರೋಕಾಗೆ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಮುಖ್ಯ ಕೋಚ್ ಆದರು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ಹೆಡರ್, 1-0, ಕಪ್ ನಮ್ಮದು. ಪುಸ್ತಕದಲ್ಲಿ ಅದು ಕ್ವಾದ್ರಾತ್ ಕಪ್. ರೋಕಾ ಖಾತೆಯಲ್ಲಿ ಐಎಸ್‌ಎಲ್ ಕಪ್ ಇಲ್ಲ. ನನಗೆ ಕೇಳಿದರೆ ಆ ಇಬ್ಬರಲ್ಲಿ ರೋಕಾ ದೊಡ್ಡ ಕೋಚ್.

— ಅದೇ ಕ್ವಾದ್ರಾತ್‌ನ್ನ ಎರಡು ವರ್ಷಕ್ಕ ಮನೀಗೆ ಕಳಿಸಿದ್ರಲ್ಲ.

— 2021ರ ಜನವರಿಯಲ್ಲಿ, ಸತತ ಮೂರು ಸೋಲಿಗೆ. ಕೋವಿಡ್ ಕಾಲ, ಗೋವಾದಲ್ಲಿ ಖಾಲಿ ಸ್ಟೇಡಿಯಂ, ಹೋಟೆಲಿನಲ್ಲಿ ಕೂಡಿಹಾಕಿದ ಆಟಗಾರರು. ಆ ಮೂರು ಸೋಲನ್ನು ಸಾಮಾನ್ಯ ಮೂರು ಸೋಲಿನ ಹಾಗೆ ತೂಗೋದು ನ್ಯಾಯವಲ್ಲ ಅಂತ ಈಗಲೂ ನನ್ನ ಮಾತು. ಅವರ ಮುಂದಿನ ನಡೆ ನೋಡಿ: 2023ರಲ್ಲಿ ಈಸ್ಟ್ ಬೆಂಗಾಲ್. ಹನ್ನೆರಡು ವರ್ಷದಿಂದ ರಾಷ್ಟ್ರಮಟ್ಟದ ಕಪ್ ಕಾಣದ ಕ್ಲಬ್. 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದುಕೊಟ್ಟರು. ಸೆಪ್ಟೆಂಬರ್‌ನಲ್ಲಿ ಹೊಸ ಐಎಸ್‌ಎಲ್ ಶುರುವಾಯಿತು, ಮೂರು ಪಂದ್ಯ ಸೋತರು, ಹೊರಟರು. ಆ ಮೂರರಲ್ಲಿ ಮೊದಲನೆಯದು ಕಂಠೀರವದಲ್ಲಿ, ನಮ್ಮ ವಿರುದ್ಧ. ಗೋಲು ಹಾಕಿದ್ದು ನಮ್ಮ ಕಿರಿಯರ ತಂಡದಿಂದ ಬಂದ ವಿನಿತ್ ವೆಂಕಟೇಶ್.

— ನೀ ಹೇಳೂದು ಕೇಳಿದ್ರ ಯಾವ ಕೋಚ್‌ನ ಮ್ಯಾಲೂ ತಪ್ಪು ಹೊರಿಸಾಂಗಿಲ್ಲ, ಯಾವ ಕಪ್ಪೂ ಯಾರದೂ ಅಲ್ಲ. ಹಿಂಗಾದ್ರ ಲೆಕ್ಕ ಮುಗಿಯೂದು ಯಾವಾಗ?

— ನಿಮ್ಮೂರಿನವರು ಒಂದು ಲೆಕ್ಕ ಮುಗಿಸಿದ್ದಾರಲ್ಲ ಮಾಮಾ. ದೇವಮಾಮಲೇದಾರರದು.

— ಯಶವಂತರಾವ ಭೋಸೇಕರರನ್ನ ಫುಟ್ಬಾಲ್‌ದಾಗ ತರಬ್ಯಾಡ. ಅವರ ಹೆಸರಿಲೆ ಈ ಊರಾಗ ಗುಡಿ ಅದ, ವರ್ಷಾ ಜಾತ್ರಿ ಆಗ್ತದ. ಕಂಪನಿ ಸರ್ಕಾರ ಹೋಗಿ ರಾಣಿ ಸರ್ಕಾರ ಬಂದ ಕಾಲ. ಇಲ್ಲಿ ಮಾಮಲೇದಾರ ಆಗಿ ಬಂದ್ರು. 1870-71ರ ಬರಗಾಲ. ಜನಾ ಉಪವಾಸ ಸಾಯೂದು ನೋಡಲಾರದ ಸರ್ಕಾರಿ ಖಜಾನಿ ತೆಗೆದು ಹಂಚಿದ್ರು. ತಪಾಸಣಿಗೆ ಸಾಹೇಬ ಬಂದಾಗ ಖಜಾನ್ಯಾಗಿನ ಶಿಲ್ಕು ಒಂದು ಪೈ ಕಡಿಮಿ ಇರಲಿಲ್ಲ ಅಂತ ಇಲ್ಲಿ ಎಲ್ಲಾರೂ ನಂಬ್ತಾರ. ನಾನೂ ನಂಬ್ತೀನಿ.

— ನಾನೂ ಕೈ ಮುಗಿದೇ ಬಂದಿದ್ದೇನೆ. ಹೋಲಿಕೆ ಮಾಡುತ್ತಿಲ್ಲ. ಒಂದು ಮಾತು ಮಾತ್ರ: ವರ್ಗಾವಣೆ ಆಗಿ ಹೋಗುವ ಒಬ್ಬ ಅಧಿಕಾರಿಯ ಕೆಲಸವನ್ನು ಈ ಊರು ಯಾವ ಪುಸ್ತಕ ನೋಡಿ ನಿರ್ಧರಿಸಿತು? ಅವರು ಇದ್ದಾಗ ಇಲ್ಲಿ ಏನಾಯಿತು, ಹೋದ ಮೇಲೆ ಏನು ಉಳಿಯಿತು ಅಂತ ನೋಡಿ ನಿರ್ಧರಿಸಿತು. ಕೋಚ್ ಕೂಡ ಇವತ್ತಲ್ಲ ನಾಳೆ ಹೋಗುವವನೇ. ಹೋದ ಮೇಲೆ ತಂಡದಲ್ಲಿ ಏನು ಉಳಿಯಿತು ಅನ್ನೋದೇ ಅವನ ಖಾತೆಯ ಕೊನೆಯ ಶಿಲ್ಕು.

— ಆತು. ಹಂಗಾರ ವೆಸ್ಟ್‌ವುಡ್ ಹೋದ ಮ್ಯಾಲ ಬ್ಯಾರೆ ಕಡೆ ಏನು ಉಳಿಸಿದ? ಮಲೇಷ್ಯಾದ ಪೆನಾಂಗ್‌ಗೆ ಹೋದ, ಬಾಳ ದಿನಾ ನಿಲ್ಲಲಿಲ್ಲ. ಕೋಲ್ಕತ್ತಾದ ಎಟಿಕೆಗೆ ಹೋದ.

— ಅಲ್ಲಿ ನಾನೂ ಅವರ ಪರ ವಾದಿಸುವುದಿಲ್ಲ. ಎಟಿಕೆಗೆ ಅವರು ಹೋಗಿದ್ದು ಟೆಕ್ನಿಕಲ್ ಡೈರೆಕ್ಟರ್ ಆಗಿ. 2018ರ ಜನವರಿಯಲ್ಲಿ ಟೆಡ್ಡಿ ಶೆರಿಂಗ್‌ಹ್ಯಾಮ್‌ರನ್ನು ತೆಗೆದಾಗ ಇವರ ಕೈಗೆ ತಂಡ ಬಂತು. ಕೆಲವೇ ವಾರ, ಸಾಲು ಸೋಲು. ಪಂಜಾಬ್‌ನಲ್ಲಿ ಐ-ಲೀಗ್ ತಂಡ ನಡೆಸಿದರು, ಅಲ್ಲೂ ಲೀಗ್ ಬರಲಿಲ್ಲ. ನನಗೆ ಕಾಣುವುದು ಇದು: ಯಾರೋ ಆರಿಸಿದ ಆಟಗಾರರ ಜೊತೆ, ಋತುವಿನ ನಡುವೆ, ಒಡೆದುಹೋದ ಮನೆ ಸೇರಿದರೆ ಈ ಮನುಷ್ಯನ ಕೈಯಲ್ಲಿ ಅದು ನಿಲ್ಲುವುದಿಲ್ಲ. ಅಡಿಪಾಯದಿಂದ ಕಟ್ಟಲು ಬಿಟ್ಟರೆ ನಿಲ್ಲುತ್ತದೆ.

— ಅಫ್ಘಾನಿಸ್ತಾನ? ಅದು ಒಡೆದ ಮನಿ ಅಲ್ಲೇನ?

— ಅಲ್ಲಿ ನನ್ನ ಮಾತಿಗೆ ಎದುರು ಸಾಕ್ಷಿ ಇದೆ, ಬಚ್ಚಿಡುವುದಿಲ್ಲ. 2023ರ ನವೆಂಬರ್‌ನಲ್ಲಿ ಅವರು ಆ ದೇಶದ ಕೋಚ್ ಆದಾಗ ಹಲವು ಆಟಗಾರರು ಅಲ್ಲಿನ ಫೆಡರೇಷನ್ ವಿರುದ್ಧ ಸಿಟ್ಟಾಗಿ ತಂಡದಿಂದ ದೂರ ನಿಂತಿದ್ದರು. ಸ್ವಂತ ನೆಲದಲ್ಲಿ ಆಡುವ ಹಾಗಿರಲಿಲ್ಲ. 2024ರ ಮಾರ್ಚ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಸೌದಿಯಲ್ಲಿ ಭಾರತವನ್ನು 0-0ಗೆ ಹಿಡಿದರು. ಐದು ದಿನಕ್ಕೆ ಗುವಾಹಟಿಗೆ ಬಂದರು. ಮಾರ್ಚ್ 26. ಅದು ಛೆಟ್ರಿಯ 150ನೇ ಅಂತರರಾಷ್ಟ್ರೀಯ ಪಂದ್ಯ. ಪೆನಾಲ್ಟಿಯಲ್ಲಿ ಛೆಟ್ರಿ ಗೋಲು ಹಾಕಿದ, 1-0. ನಾನು ಗೆದ್ದೆವು ಅಂತಲೇ ಇದ್ದೆ. 70ನೇ ನಿಮಿಷಕ್ಕೆ ರಹಮತ್ ಅಕ್ಬರಿ, 88ಕ್ಕೆ ಶರೀಫ್ ಮುಖಮ್ಮದ್ ಪೆನಾಲ್ಟಿ, 1-2. ಪಕ್ಕದ ಬೆಂಚಿನಲ್ಲಿ ನಮ್ಮ ಮೊದಲ ಕೋಚ್. ಮುಂದಿನ ವರ್ಷ ಜೂನ್ 10ರಂದು ಏಷ್ಯನ್ ಕಪ್ ಅರ್ಹತಾ ಪಂದ್ಯ, ಹಾಂಗ್‌ಕಾಂಗ್‌ನ ಹೊಸ ಕೈತಕ್ ಸ್ಟೇಡಿಯಂ, ಆಗ ಅವರು ಹಾಂಗ್‌ಕಾಂಗ್ ಕೋಚ್. ಹೆಚ್ಚುವರಿ ನಿಮಿಷಗಳಲ್ಲಿ ಪೆನಾಲ್ಟಿ, 1-0. ಭಾರತ ಮತ್ತೆ ಸೋತಿತು. ನಮ್ಮ ಆಟಗಾರರ ಕಾಲಿನ ಬಲವೂ, ಮನಸ್ಸಿನ ಅಳುಕೂ ಅವರಷ್ಟು ತಿಳಿದ ವಿದೇಶಿ ಕೋಚ್ ಇನ್ನೊಬ್ಬರು ಇದ್ದಂತಿಲ್ಲ. ಬೆಂಗಳೂರಿನಲ್ಲಿ ಗಳಿಸಿದ ಆ ತಿಳಿವಳಿಕೆ ನಮ್ಮ ವಿರುದ್ಧವೇ ಬಳಕೆಯಾಯಿತಲ್ಲ, ಅದು ನನಗೆ ಇನ್ನೂ ನೋವು.

— ಆದ್ರೂ ಹಾಂಗ್‌ಕಾಂಗ್ ಏಷ್ಯನ್ ಕಪ್ ಸೇರಲಿಲ್ಲ.

— ಸೇರಲಿಲ್ಲ. ನವೆಂಬರ್ 18ರಂದು ತನ್ನ ಮನೆಯಲ್ಲೇ ಸಿಂಗಪುರಕ್ಕೆ 1-2ರಿಂದ ಸೋತಿತು, ಮುಂದೆ ಇದ್ದು ಸೋತಿತು. ಸಿಂಗಪುರ ಅರ್ಹತೆ ಪಡೆಯಿತು. ಅದನ್ನು ಖರ್ಚಿನ ಕಡೆಗೆ ಬರೆಯಿರಿ, ದೊಡ್ಡ ಅಕ್ಷರದಲ್ಲೇ ಬರೆಯಿರಿ.

— ಬರದೆ. ಈಗ ಹೇಳು, ಹಾಂಗ್‌ಕಾಂಗ್ ಆದ ಮ್ಯಾಲ ಇಂಥಾ ಮನಷ್ಯಾನ್ನ ಎಲ್ಲಿಗೆ ಕಳಸ್ತಿ? ಭಾರತದ ಕೋಚ್ ಮಾಡ್ತಿಯೇನ?

— ಇಲ್ಲಿ ಮನೊಲೊ ಮಾರ್ಕೆಜ್ ನೆನಪಾಗುತ್ತಾರೆ. 2022ರಲ್ಲಿ ಹೈದರಾಬಾದ್‌ಗೆ ಐಎಸ್‌ಎಲ್ ಗೆದ್ದುಕೊಟ್ಟವರು. ಕ್ಲಬ್ ಕೋಚ್ ಆಗಿ ಅವರ ಖಾತೆಯಲ್ಲಿ ಕೊರತೆ ಇರಲಿಲ್ಲ. ಭಾರತ ತಂಡಕ್ಕೆ ಬಂದು ಎಂಟು ಪಂದ್ಯದಲ್ಲಿ ಒಂದೇ ಒಂದು ಗೆಲುವು. ಕ್ಲಬ್‌ನಲ್ಲಿ ದಿನಾ ಬೆಳಿಗ್ಗೆ ಆಟಗಾರ ಕಣ್ಣೆದುರು ಇರುತ್ತಾನೆ. ರಾಷ್ಟ್ರೀಯ ತಂಡದಲ್ಲಿ ಎರಡು ತಿಂಗಳಿಗೊಮ್ಮೆ ಹತ್ತು ದಿನ. ಅವೆರಡು ಬೇರೆ ಬೇರೆ ಕಸುಬು. ಹಾಗಾಗಿ ಒಂದು ಕಡೆಯ ದಾಖಲೆ ತೋರಿಸಿ ಇನ್ನೊಂದು ಕಡೆ ಕೆಲಸ ಕೊಡುವಾಗ ಎಚ್ಚರ ಬೇಕು. ವೆಸ್ಟ್‌ವುಡ್ ದಿನನಿತ್ಯ ತಿದ್ದುವ ಕೋಚ್. ಅವರಿಗೆ ನಾನು ಕೊಡುವುದು ಹೊಸದಾಗಿ ಹುಟ್ಟಿದ ಅಥವಾ ಪಟ್ಟಿಯ ತಳಕ್ಕೆ ಬಿದ್ದ ಒಂದು ಕ್ಲಬ್, ಮೂರು ವರ್ಷದ ಒಪ್ಪಂದ, ಆಟಗಾರರನ್ನು ಆರಿಸುವ ಅಧಿಕಾರ. ದೊಡ್ಡ ಹೆಸರಿನ, ತುಂಬಿದ ಮನೆ ಅವರಿಗೆ ಬೇಡ.

— ಮೂರು ವರ್ಷ ಯಾರು ಕಾಯ್ತಾರ? 2025ರ ಆಗಸ್ಟ್‌ದಾಗ ನಿಮ್ಮ ಬೆಂಗಳೂರು ಎಫ್‌ಸಿನೇ ಮೊದಲ ತಂಡದ ಪಗಾರ ನಿಲ್ಲಿಸಿತ್ತಲ್ಲ, ಲೀಗ್ ನಡೀತದೋ ಇಲ್ಲೋ ಗೊತ್ತಿಲ್ಲ ಅಂತ. ಕೋಚ್‌ಗೂ ಹೆಂಡ್ತಿ ಮಕ್ಕಳು ಇರ್ತಾರ. ಮುಂದಿನ ನಡೆ ಅಂದ್ರ ಅವನ ಆಸೆ ಅಷ್ಟೇ ಅಲ್ಲ, ಪಗಾರ ಕೊಡೋ ಬಾಗಲಾ ಯಾವುದು ತೆರದದ ಅನ್ನೂದೂ ಅದ.

— ಅದು ನಿಜ, ನಾನು ಮರೆಯಬಾರದ ಮಾತು. ಹಿಂದಿನ ಋತುವಿನಲ್ಲಿ ತಂಡವನ್ನು ಐಎಸ್‌ಎಲ್ ಫೈನಲ್‌ವರೆಗೆ ತಂದ ಕೋಚ್ ಜೆರಾರ್ಡ್ ಸರಗೋಸಾ ಕೂಡ ಅದೇ ವರ್ಷದ ನವೆಂಬರ್‌ನಲ್ಲಿ ಹೊರಟುಹೋದರು.

— ನನಗ ಒಬ್ಬಾಂವ ಸಮಾಧಾನ ಕೊಟ್ಟಾನ. ಖಾಲಿದ್ ಜಮೀಲ್. ನಮ್ಮ ಮಹಾರಾಷ್ಟ್ರದಾಂವ ಅಂತ ಹೇಳಾಕತ್ತಿಲ್ಲ. ಮುಂಬೈ ಎಫ್‌ಸಿಯೊಳಗ 2009ರಿಂದ ಏಳು ವರ್ಷ ಕೋಚ್. ಕಪ್ ಇಲ್ಲ. ಸಣ್ಣ ರೊಕ್ಕದ ತಂಡ, ವರ್ಷಾ ಕೆಳಗ ಬೀಳೂದನ್ನ ತಪ್ಪಿಸಿದ್ದೇ ಕೆಲಸ. ನನ್ನ ಹಳೇ ಲೆಕ್ಕದಾಗ ಅಂವ ಸೊನ್ನೆ. ಅಲ್ಲಿಂದ ಬಿಟ್ಟು ಮಿಜೋರಾಂಗೆ ಹೋದ. ಐಜಾಲ್ ಎಫ್‌ಸಿ ಹಿಂದಿನ ವರ್ಷ ಕೆಳಗಿನ ದರ್ಜೆಗೆ ಬಿದ್ದು, ಹೆಂಗೋ ವಾಪಸ್ ಸೇರಿದ ತಂಡ. 2016-17ರಾಗ ಅದನ್ನ ಐ-ಲೀಗ್ ಚಾಂಪಿಯನ್ ಮಾಡಿದ. ಈಶಾನ್ಯದ ಕ್ಲಬ್ ಒಂದು ಆ ಕಪ್ ಗೆದ್ದದ್ದು ಅದೇ ಮೊದಲು.

— ನೋಡಿ, ನೀವೇ ನನ್ನ ವಾದ ಮಾಡುತ್ತಿದ್ದೀರಿ! ಆ ಏಳು ವರ್ಷ ಮುಂಬೈಯಲ್ಲಿ ಅವರು ಕಲಿತದ್ದು ಐಜಾಲ್‌ನಲ್ಲಿ ಕೆಲಸಕ್ಕೆ ಬಂತು: ಕಡಿಮೆ ಹಣ, ಗಟ್ಟಿ ಡಿಫೆನ್ಸ್, ಬೇರೆಯವರು ಬೇಡ ಅಂದ ಆಟಗಾರರು. ಆರಿಸಿಕೊಂಡ ಮನೆ ಅವರ ಕೈಗೆ ಹೊಂದುವ ಮನೆ. 2025ರಲ್ಲಿ ಭಾರತ ತಂಡಕ್ಕೆ ಕೋಚ್ ಬೇಕು ಅಂದಾಗ 170 ಅರ್ಜಿ ಬಂದವು. ಕೊನೆಯ ಮೂವರಲ್ಲಿ ಸ್ಟೀಫನ್ ಕಾನ್‌ಸ್ಟಂಟೈನ್ ಇದ್ದರು, ಸ್ಲೊವಾಕಿಯಾದ ಸ್ಟೆಫಾನ್ ತಾರ್ಕೊವಿಚ್ ಇದ್ದರು. ಆಗಸ್ಟ್ 1ರಂದು ಖಾಲಿದ್ ಹೆಸರು ಬಂತು. ಹದಿಮೂರು ವರ್ಷದ ಮೇಲೆ ಒಬ್ಬ ಭಾರತೀಯ.

— ಬಂದ ತಿಂಗಳಿಗೇ ಮಧ್ಯ ಏಷ್ಯಾದ ಕಾಫಾ ಕಪ್‌ದಾಗ ಒಮಾನ್‌ನ ಪೆನಾಲ್ಟಿಯೊಳಗ ಸೋಲಿಸಿ ಮೂರನೇ ಸ್ಥಾನ. ಅಕ್ಟೋಬರ್‌ದಾಗ ಮಡಗಾಂವ್‌ದಾಗ ಸಿಂಗಪುರಕ್ಕ ಸೋತು ಏಷ್ಯನ್ ಕಪ್ಪೂ ಹೋತು. ನನ್ನ ಕೈ ಈಗ ಖರ್ಚಿನ ಕಡೆ ಬರಿಯಾಕ ಹೋಗ್ತದ, ಆದ್ರ ನಿಂದರಸ್ತೀನಿ. ಬಾಂಗ್ಲಾದೇಶದ ಜೋಡಿ ಡ್ರಾ, ಹಾಂಗ್‌ಕಾಂಗ್‌ದಾಗ ಸೋಲು, ಎರಡೂ ಅಂವ ಬರೂದಕ್ಕಿಂತ ಮೊದಲು ಆಗಿದ್ದು. ಆ ಶಿಲ್ಕು ಅವನದಲ್ಲ.

— ಅವರು ಬಂದ ಮೇಲಿನದು ಅವರದೇ. ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೆ 0-1ರಿಂದ ಸೋತದ್ದನ್ನು ಬೇರೆ ಯಾರ ತಲೆಗೂ ಕಟ್ಟಲಾಗದು.

— ಒಪ್ಪಿದೆ. ಈಗ ನಾ ಒಂದು ಹೆಸರು ಹೇಳ್ತೀನಿ, ನೀ ಖಾತೆ ತೆಗಿ. ರವಿಬಾಬು ರಾಜು.

— ಕರ್ನಾಟಕದ ಸಂತೋಷ್ ಟ್ರೋಫಿ ಕೋಚ್.

— 2023ರ ಮಾರ್ಚ್ 4. ರಿಯಾಧ್. ಮೇಘಾಲಯದ ವಿರುದ್ಧ 3-2. 1968-69ರಾಗ ಮೈಸೂರು ಅಂತ ಹೆಸರಿದ್ದಾಗ ಗೆದ್ದ ಮ್ಯಾಲ 54 ವರ್ಷಕ್ಕ ನಮ್ಮ ರಾಜ್ಯಕ್ಕ ಆ ಕಪ್ ಬಂತು. ಜಿಂದಾಲ್ ರೊಕ್ಕ ಇಲ್ಲ, ವಿದೇಶಿ ಆಟಗಾರ ಇಲ್ಲ, ಛೆಟ್ರಿ ಇಲ್ಲ. ಬೆಂಗಳೂರಿನ ಲೀಗ್ ತಂಡಗಳೊಳಗ ಆಡೋ ಹುಡುಗರು. ನಿನ್ನ ಪ್ರಕಾರ ಆರಂಭದ ಶಿಲ್ಕು ನೋಡಬೇಕು, ಸಿಕ್ಕದ್ದರಾಗ ಏನು ಮಾಡಿದ ಅಂತ ನೋಡಬೇಕು. ನೋಡು. ವೆಸ್ಟ್‌ವುಡ್‌ಗಿಂತ ಇದು ಕಡಿಮಿ ಏನ? ವೆಸ್ಟ್‌ವುಡ್ ಮುಂದ ಎಲ್ಲಿಗೆ ಅಂತ ಇಷ್ಟು ಹೊತ್ತು ಮಾತಾಡಿದಿ. ಈ ಮನಷ್ಯಾ ಮುಂದ ಎಲ್ಲಿಗೆ ಅಂತ ಬೆಂಗಳೂರಾಗ ಯಾರರೆ ಕೇಳಿದ್ರೇನ?

— ಕಪ್ ಬಂದ ವಾರ ಸನ್ಮಾನ ಆಯಿತು, ಪೇಪರ್‌ನಲ್ಲಿ ಫೋಟೊ ಬಂತು. ಆ ಪ್ರಶ್ನೆ ಮಾತ್ರ ನಮ್ಮ ಸ್ಟ್ಯಾಂಡ್‌ನಲ್ಲಿ ನಾನು ಕೇಳಿಸಿಕೊಂಡಿಲ್ಲ. ಐಎಸ್‌ಎಲ್ ಮುಖ್ಯ ಕೋಚ್ ಆಗಬೇಕು ಅಂದರೆ ಎಎಫ್‌ಸಿ ಪ್ರೊ ಲೈಸೆನ್ಸ್ ಬೇಕು. ಸಿ, ಬಿ, ಎ ಅಂತ ಒಂದೊಂದೇ ಮೆಟ್ಟಿಲು ಹತ್ತಿ ಅದಕ್ಕೆ ಹೋಗಬೇಕು, ಒಂದೊಂದಕ್ಕೂ ವರ್ಷ, ಒಂದೊಂದಕ್ಕೂ ಫೀಸು. ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್‌ನ ಮಕ್ಕಳಿಗೆ ಬೆಳಿಗ್ಗೆ ಐದಕ್ಕೆ ಎದ್ದು ಹೇಳಿಕೊಟ್ಟು, ಹತ್ತು ಗಂಟೆಗೆ ಬೇರೆ ನೌಕರಿಗೆ ಹೋಗುವ ಕೋಚ್‌ಗಳನ್ನು ನಾನು ಬಲ್ಲೆ. ಅವರಿಗೆ ಆ ಮೆಟ್ಟಿಲು ಬಹಳ ಎತ್ತರ.

— ಇಷ್ಟು ಗೊತ್ತಿದ್ದೂ ಸುಮ್ಮ ಕೂತೀರಿ. ಇಂಗ್ಲೆಂಡಿನವ ಹೋದ ಅಂದ್ರ ಸ್ಪೇನಿನವನ್ನ ಹುಡುಕ್ತೀರಿ, ಸ್ಪೇನಿನವ ಹೋದ ಅಂದ್ರ ಇನ್ನೊಬ್ಬ. ಒಬ್ಬ ವಿದೇಶಿ ಕೋಚ್‌ನ ಒಂದು ತಿಂಗಳ ಪಗಾರದಾಗ ಎಷ್ಟು ಮಂದಿಗೆ ಲೈಸೆನ್ಸ್ ಕೊಡಸಬಹುದು, ಕೂತು ಕೂಡಿಸಿ ನೋಡು.

— ನನ್ನ ಕೈಲಿ ಕ್ಲಬ್ ಇಲ್ಲ ಮಾಮಾ. ಆದರೆ ಅಭಿಮಾನಿಗಳ ಸಂಘ ಇದೆ. ಟೀಶರ್ಟು, ಬ್ಯಾನರು, ಡೋಲು ಅಂತ ಪ್ರತಿ ಋತು ಹಣ ಕೂಡಿಸುತ್ತೇವೆ. ರಾಜ್ಯದ ಒಬ್ಬ ಕೋಚ್‌ಗಾದರೂ ಎ ಲೈಸೆನ್ಸ್ ಫೀಸು ಕಟ್ಟೋಣ ಅಂತ ಮುಂದಿನ ಸಭೆಯಲ್ಲಿ ಎತ್ತುತ್ತೇನೆ.

— ಎತ್ತು. ಕೂಡಿದ ರೊಕ್ಕಕ್ಕ ಬ್ಯಾರೆ ಖಾತೆ ಇಡ್ರಿ, ಡೋಲಿನ ಖರ್ಚಿನಾಗ ಕಲಸಬ್ಯಾಡ್ರಿ. ನನ್ನ ಹೆಸರಿಲೆ ಮೊದಲನೇ ಸಾಲು ಬರಿ. ನಾಳೆ ಬ್ಯಾಂಕಿಗೆ ಹೋಗೂದದ, ಅಲ್ಲೇ ಕಳಿಸಿಬಿಡ್ತೀನಿ.